ಕುಕ್ಕೂ ಗಡಿಯಾರ ನಿಂತಿತೇ? ಮಷೀನಿಗಿಂತ ಮೊದಲು ಕಟ್ಟಿಗೆ ನೋಡಿ

ಡಬ್ಬಿ, ಬಾಗಿಲು, ಹಕ್ಕಿ, ತಿದಿ, ಸೀಟಿ ಎಲ್ಲವನ್ನೂ ಕಟ್ಟಿಗೆಯಲ್ಲಿ ಕೈಯಿಂದ ಮಾಡಿ, ಒಳಗೆ ಜರ್ಮನಿಯ ಬ್ಲ್ಯಾಕ್ ಫಾರೆಸ್ಟ್ ಮಾದರಿಯ ಹಿತ್ತಾಳೆ ಮಷೀನು ಕೂರಿಸಿದ ಗಡಿಯಾರಕ್ಕೆ ಈ ಕೈಪಿಡಿ. ಎರಡು ಚೈನು, ಎರಡು ಗುಂಡು, ಒಂದು ಲೋಲಕ, ದಿನಕ್ಕೊಮ್ಮೆ ಚೈನು ಎಳೆಯುವ ಕೆಲಸ. ಸೆಲ್ ಹಾಕಿದರೆ ಸ್ಪೀಕರಿನಿಂದ ಕೂಗುವ ಕ್ವಾರ್ಟ್ಸ್ ಗಡಿಯಾರಕ್ಕೆ ಇಲ್ಲಿನ ಯಾವ ಮಾತೂ ಅನ್ವಯಿಸದು.

ಹೊಸ ಗಡಿಯಾರ ನಿಂತ ಕೂಡಲೇ ಸ್ಕ್ರೂ ಡ್ರೈವರ್ ಹಿಡಿದ ಕೈ ಮಷೀನಿನ ಕಡೆ ಹೋಗುತ್ತದೆ. ತಡೆಯಿರಿ. ಕಾರ್ಖಾನೆಯಿಂದ ಬಂದ ಮಷೀನು ತಿಂಗಳೊಪ್ಪತ್ತಿನಲ್ಲಿ ಸವೆಯುವುದಿಲ್ಲ. ಅದನ್ನು ಹಿಡಿದಿರುವ ಹಲಗೆ ಮಾತ್ರ ಅಷ್ಟರೊಳಗೆ ಉಬ್ಬಬಹುದು, ಸೊಟ್ಟಗಾಗಬಹುದು. ನಮ್ಮ ಕಡೆಯ ಹವೆಯೂ ಅಂಥದ್ದೇ. ಜುಲೈ ಮಳೆಯಲ್ಲಿ ಬೆಳಗಾವಿಯಲ್ಲಿ ಕಟ್ಟಿದ ಡಬ್ಬಿ ಏಪ್ರಿಲ್ ಬಿಸಿಲಿಗೆ ವಿಜಯಪುರದ ಗೋಡೆ ಸೇರಿದರೆ ಅದರ ಅಳತೆಗಳು ಮೊದಲಿನಂತೆ ಇರುವುದಿಲ್ಲ. ಆದ್ದರಿಂದ ಇಲ್ಲಿನ ಕ್ರಮ ಹೊರಗಿನಿಂದ ಒಳಕ್ಕೆ: ಗೋಡೆ, ಡಬ್ಬಿ, ತಂತಿಗಳು, ತಿದಿ, ಕಡೆಗೆ ಮಷೀನು.

ಮುಂದೆ ಪದೇ ಪದೇ ಬರುವ ಭಾಗಗಳು ಇವು. ಮಷೀನಿನಲ್ಲಿ ಗಾಲಿಗಳ ಸಾಲು ಎರಡು; ಒಂದು ಮುಳ್ಳು ಓಡಿಸುತ್ತದೆ, ಇನ್ನೊಂದು ಕೂಗಿಸುತ್ತದೆ. ಪ್ರತಿ ಸಾಲಿಗೂ ಅದರದೇ ಚೈನು, ಅದರದೇ ಗುಂಡು. ಓಡುವ ಸಾಲಿನ ಕೊನೆಗೆ ಎಸ್ಕೇಪ್ ಗಾಲಿ, ಅದರ ಹಲ್ಲನ್ನು ಒಂದೊಂದಾಗಿ ಬಿಡುವ ಆಂಕರ್. ಆಂಕರಿನಿಂದ ಕೆಳಗಿಳಿದ ಸಣ್ಣ ತಂತಿಯ ತುದಿಯಲ್ಲಿ ಒಂದು ಕುಣಿಕೆ ಇರುತ್ತದೆ; ಲೋಲಕದ ತೂಗುತಂತಿ ಆ ಕುಣಿಕೆಯಲ್ಲಿ ಹಾಯ್ದು ಡಬ್ಬಿಯ ತಳದ ಸೀಳಿನಿಂದ ಹೊರಬರುತ್ತದೆ. ಆ ಸಣ್ಣ ತಂತಿಯನ್ನು ಇಲ್ಲಿ ತಳ್ಳುಕಡ್ಡಿ ಎಂದು ಕರೆದಿದೆ.

ಯಾವ ಹೊತ್ತಿಗೆ ನಿಂತಿತು?

ನಿಂತ ಗಡಿಯಾರವನ್ನು ಮುಟ್ಟುವ ಮೊದಲು ಮುಳ್ಳುಗಳು ಎಲ್ಲಿವೆ, ಗುಂಡುಗಳು ಎಷ್ಟು ಕೆಳಗಿವೆ, ಬಾಗಿಲು ತೆರೆದಿದೆಯೋ ಮುಚ್ಚಿದೆಯೋ ಎಂದು ಬರೆದಿಡಿ. ಮೊಬೈಲಿನಲ್ಲಿ ಒಂದು ಫೋಟೋ ತೆಗೆದರೂ ಸಾಕು. ಮತ್ತೆ ಓಡಿಸಿ, ಮತ್ತೆ ನಿಂತಾಗ ಇನ್ನೊಂದು ಫೋಟೋ. ಮೂರು ಸಲದ ಗುರುತು ಸಿಕ್ಕರೆ ಬಹುಪಾಲು ದೋಷ ತಾನಾಗಿ ಹೆಸರು ಹೇಳುತ್ತದೆ.

ಎರಡು ಮುಳ್ಳು ಒಂದರ ಮೇಲೊಂದು ಬರುವ ಜಾಗದಲ್ಲಿ, ಅಂದರೆ 1:05, 2:11, 3:16, 4:22 ಹೀಗೆ ನಿಂತರೆ ಮುಳ್ಳಿಗೆ ಮುಳ್ಳು ತಾಗುತ್ತಿದೆ. ಕಟ್ಟಿಗೆಯಲ್ಲೇ ಕೊರೆದ ಮುಳ್ಳಿಗೆ ಇದು ಮಾಮೂಲು ರೋಗ, ಏಕೆಂದರೆ ತೆಳು ಪಟ್ಟಿ ಹವೆಗೆ ಬಾಗುತ್ತದೆ. ತಾಸಿನ ಮುಳ್ಳು ಮತ್ತು ಡಯಲ್ ನಡುವೆ 1.5 ಮಿ.ಮೀ, ಎರಡು ಮುಳ್ಳುಗಳ ನಡುವೆ 2 ಮಿ.ಮೀ ಸಂದು ಬಿಡಿ. ನಡುವಿನ ನಟ್ಟನ್ನು ಕೈಬೆರಳಲ್ಲಿ ಬಿಗಿದರೆ ಸಾಕು, ಪಕ್ಕಡ್ ಬೇಡ.

ತಾಸಿಗೆ ಅಥವಾ ಅರ್ಧ ತಾಸಿಗೆ ಐದಾರು ನಿಮಿಷ ಮೊದಲು ನಿಂತರೆ ಕೂಗಿಸುವ ಕಡ್ಡಿಯನ್ನು ಮೇಲೆತ್ತುವ ಹೊರೆ ಓಡುವ ಸಾಲಿಗೆ ಹೆಚ್ಚಾಗಿದೆ. ಆ ಕಡ್ಡಿಗೆ ಡಬ್ಬಿಯ ಒಳಗೋಡೆಯೋ, ತಿದಿಯ ಮುಚ್ಚಳ ಎತ್ತುವ ಎತ್ತುತಂತಿಯೋ, ಹಕ್ಕಿಯ ಕಾಲುತಂತಿಯೋ ತಾಗುತ್ತಿರಬಹುದು. ಲೋಲಕದ ಬಲವೇ ಕಡಿಮೆಯಿದ್ದಾಗಲೂ ಗಡಿಯಾರ ಮೊದಲು ಸೋಲುವುದು ಈ ನಿಮಿಷಗಳಲ್ಲೇ. ಹಾಗಾಗಿ ಮೊದಲು ಟಿಕ್‌ಟಾಕ್ ಸಮನಾಗಿದೆಯೇ ಎಂದು ಕೇಳಿ, ಆಮೇಲೆ ಕಡ್ಡಿ ನೋಡಿ.

ಹಕ್ಕಿ ಹೊರಗಿರುವಾಗ, ಬಾಗಿಲು ಅರೆತೆರೆದು ನಿಂತರೆ ಬಾಗಿಲನ್ನು ಹಿಡಿಯಿರಿ; ಅದರ ಮಾತು ಮುಂದಿದೆ.

ಚೈನು ಎಳೆದ ಮೂರು ನಾಲ್ಕು ತಾಸಿಗೆ ಸರಿಯಾಗಿ ನಿಲ್ಲುತ್ತಿದೆಯೇ? ಗುಂಡು ತಾಸಿಗೆ ಸುಮಾರು 6 ಸೆಂ.ಮೀ ಇಳಿಯುತ್ತದೆ, ಆ ಹೊತ್ತಿಗೆ ಅದು ಲೋಲಕದ ಎಲೆಯ (ಲೋಲಕದ ಕಡ್ಡಿಗೆ ಸಿಕ್ಕಿಸಿದ, ಎಲೆಯಾಕಾರದ ತುಂಡು) ಮಟ್ಟಕ್ಕೆ ಬಂದಿರುತ್ತದೆ. ಕೈಯಲ್ಲಿ ಕೆತ್ತಿದ ಎಲೆ ಅಗಲವಾಗಿದ್ದರೆ ಗುಂಡಿಗೆ ಸವರುತ್ತದೆ. ಸವರದಿದ್ದರೂ, ಆ ಮಟ್ಟದಲ್ಲಿ ಗುಂಡು ಕೂಡ ಲೋಲಕದ ತಾಳಕ್ಕೆ ತೂಗಲು ಶುರುಮಾಡಿ ಅದರ ಬಲವನ್ನು ಕದಿಯಬಹುದು. ಎಲೆಯ ಅಗಲ ಕಡಿಮೆ ಮಾಡಿ, ಗೋಡೆಗೆ ಡಬ್ಬಿ ಅಲ್ಲಾಡದಂತೆ ಕೂರಿಸಿ.

ದಿನದ ಒಂದೇ ಹೊತ್ತಿಗೆ, ಅದೂ ಬೇಸಿಗೆಯ ಮಧ್ಯಾಹ್ನ ನಿಲ್ಲುವ ಗಡಿಯಾರಕ್ಕೆ ಔಷಧ ಬೇಡ. ತಲೆಯ ಮೇಲಿನ ಫ್ಯಾನ್ ನೋಡಿ. ಹಗುರ ಲೋಲಕಕ್ಕೆ ಫ್ಯಾನಿನ ಗಾಳಿ ಸಾಕು.

ಗುರುತೇ ಇಲ್ಲದೆ ಹೇಗೆಂದರೆ ಹಾಗೆ ನಿಲ್ಲುವುದಾದರೆ ಟಿಕ್‌ಟಾಕ್, ತಳದ ಸೀಳು, ಚೈನು, ಈ ಮೂರರಲ್ಲೊಂದು.

ಬಿಚ್ಚದೆ ನೋಡಬೇಕಾದವು

ಬಾಗಿಲಿನ ಹೊರಗೆ ಸಣ್ಣ ತಂತಿ ಚಿಲಕ ಇಟ್ಟಿದ್ದರೆ ಅದು ತೆರೆದಿದೆಯೇ? ಚಿಲಕ ಹಾಕಿದ ಬಾಗಿಲನ್ನು ಹಕ್ಕಿ ಒಳಗಿನಿಂದ ದೂಡುತ್ತಾ ನಿಂತರೆ ಕೂಗುವ ಸಾಲು ಪೂರ್ತಿ ನಿಲ್ಲುತ್ತದೆ. ರಾತ್ರಿ ಕೂಗು ನಿಲ್ಲಿಸುವ ಕಡ್ಡಿ ಇದ್ದರೆ ಅದು ಪೂರ್ತಿ ಮೇಲೋ ಪೂರ್ತಿ ಕೆಳಗೋ ಇರಲಿ, ನಡುವೆ ಬೇಡ. ಸಾಗಿಸುವಾಗ ಮಷೀನಿನ ಚೈನುಗಳಿಗೆ ಪೋಣಿಸಿದ ತಂತಿ, ತಿದಿ ಅಲ್ಲಾಡದಂತೆ ಸಿಕ್ಕಿಸಿದ ಕ್ಲಿಪ್ಪು ತೆಗೆದಿದ್ದೀರಾ? ಇವು ಮರೆತುಹೋಗುವುದು ಹೊಸಬರಿಗೆ ಮಾತ್ರವಲ್ಲ.

ಗುಂಡಿನ ತೂಕ ಅಳೆಯಿರಿ. ಒಂದು ದಿನದ ಮಷೀನಿಗೆ ಸಾಮಾನ್ಯವಾಗಿ 275 ಗ್ರಾಂ, ಕೆಲವಕ್ಕೆ 320 ಗ್ರಾಂ; ನಿಮ್ಮ ಮಷೀನಿನ ಜೊತೆ ಬಂದ ಚೀಟಿಯಲ್ಲಿ ಏನಿದೆಯೋ ಅದೇ ಖರೆ. ಪೈನ್ ಕಾಯಿಯ ಆಕಾರವನ್ನು ಕಟ್ಟಿಗೆಯಲ್ಲಿ ಕಡೆದು ಒಳಗೆ ಉಸುಕು ತುಂಬಿದ ಗುಂಡು ಕಣ್ಣಿಗೆ ಚೆಂದ, ತೂಕಕ್ಕೆ ಮೋಸ. 275 ಗ್ರಾಂಗೆ ಕಬ್ಬಿಣ 35 ಸಿ.ಸಿ ಜಾಗದಲ್ಲಿ ಮುಗಿಯುತ್ತದೆ, ಉಸುಕಿಗೆ ಅದರ ನಾಲ್ಕೈದು ಪಟ್ಟು ಬೇಕು. ಒಳಗೆ ಕಬ್ಬಿಣದ ತುಂಡು ಇಟ್ಟು ಕಿರಾಣಿ ಅಂಗಡಿಯ ಡಿಜಿಟಲ್ ತಕ್ಕಡಿಯಲ್ಲಿ ತೂಗಿಸಿ.

ಒಂದು ಮಾತು ಇಲ್ಲಿಯೇ ಹೇಳಬೇಕು: ನಿಲ್ಲುವ ಗಡಿಯಾರಕ್ಕೆ ಗುಂಡಿನ ಜೊತೆ ನಟ್ಟು ಬೋಲ್ಟು ಕಟ್ಟಿ ಓಡಿಸುವ ಉಪಾಯ ಎಲ್ಲರಿಗೂ ಹೊಳೆಯುತ್ತದೆ. ಓಡುವುದೂ ಹೌದು. ಆದರೆ ತಿಕ್ಕಾಟ ಎಲ್ಲಿತ್ತೋ ಅಲ್ಲೇ ಇರುತ್ತದೆ, ಜೊತೆಗೆ ಎಸ್ಕೇಪ್ ಗಾಲಿಯ ಹಲ್ಲೂ, ಗಾಲಿಗಳ ಅಚ್ಚಿನ ತುದಿ (ಪಿವಟ್) ಕೂರುವ ತೂತುಗಳೂ ಬೇಗ ಸವೆಯುತ್ತವೆ. ದೋಷ ಹುಡುಕಲು ಐದು ನಿಮಿಷ ಹೆಚ್ಚುವರಿ ತೂಕ ಕಟ್ಟಿ ನೋಡಬಹುದು. ಪರಿಹಾರ ಎಂದು ಬಿಟ್ಟುಬಿಡಬಾರದು.

ಗೋಡೆ

ಗಡಿಯಾರದ ತಳ ನೆಲದಿಂದ 1.8 ಮೀಟರಿಗಿಂತ ಮೇಲಿರಲಿ, ಇಲ್ಲದಿದ್ದರೆ ಮರುದಿನ ಬೆಳಗಾಗುವ ಮೊದಲೇ ಗುಂಡು ನೆಲ ಮುಟ್ಟುತ್ತದೆ. ಸುಮಾರು 60 ಮಿ.ಮೀ ಉದ್ದದ ಸ್ಕ್ರೂ, ಹೊರಗಿನ ತಲೆ ಮೇಲ್ಮುಖವಾಗಿ ಓರೆ, ಅರ್ಧದಷ್ಟು ಹೊರಗೆ. ಹಳೆಯ ವಾಡೆಗಳ ಕಲ್ಲು ಮಣ್ಣಿನ ದಪ್ಪ ಗೋಡೆಯಲ್ಲಿ ಮೊಳೆ ನಿಲ್ಲುವುದಿಲ್ಲ. ಡ್ರಿಲ್ ಹಾಕಿ ಪ್ಲಾಸ್ಟಿಕ್ ಪ್ಲಗ್ ಕೂರಿಸಿ, ಅದೂ ಸಡಿಲವಾದರೆ ಮೊದಲು ಒಂದು ಹಲಗೆ ಬಿಗಿದು ಅದರ ಮೇಲೆ ತೂಗುಹಾಕಿ. ಡಬ್ಬಿಯನ್ನು ಬೆರಳಿನಿಂದ ತಟ್ಟಿದಾಗ ಅದು ತೂಗಿದರೆ ಲೋಲಕದ ಬಲ ಗೋಡೆಗೆ ಹೋಗುತ್ತಿದೆ ಎಂದರ್ಥ.

ಬೆಳಗಾವಿಯಲ್ಲಿ ಮಳೆಗಾಲಕ್ಕೆ ಪಡುವಣ ಗೋಡೆ ತೇವ ಹಿಡಿಯುತ್ತದೆ. ಅಲ್ಲಿ ಡಬ್ಬಿಯ ಬೆನ್ನಿನ ಕೆಳಗಿನ ಎರಡು ಮೂಲೆಗೆ 5 ಮಿ.ಮೀ ರಬ್ಬರ್ ತುಂಡು ಅಂಟಿಸಿ. ಗಾಳಿಯೂ ಆಡುತ್ತದೆ, ಡಬ್ಬಿಯೂ ಜಾರುವುದಿಲ್ಲ. ತಳ ಮುಂದೆ ಬಂದಷ್ಟೂ ತೂಗುತಂತಿ ಕುಣಿಕೆಯ ಬೆನ್ನಿಗೆ ತಾಗುವ ಭಯ ಇರುವುದರಿಂದ ಮೇಲೂ ಅಷ್ಟೇ ದಪ್ಪದ ತುಂಡು ಇರಲಿ.

ಟಿಕ್ ಒಂದು ತೂಕ, ಟಾಕ್ ಒಂದು ತೂಕ

ಕೋಣೆಯ ಸದ್ದೆಲ್ಲ ನಿಲ್ಲಿಸಿ ಕಣ್ಣು ಮುಚ್ಚಿ ಕೇಳಿ. ಟಿಕ್, ಟಾಕ್ ನಡುವಿನ ಎರಡೂ ಸಂದು ಒಂದೇ ಅಳತೆಯಲ್ಲಿರಬೇಕು. ಟಿಕ್‌ಟಾಕ್... ಟಿಕ್‌ಟಾಕ್ ಎಂದು ಕುಂಟಿದರೆ ಲೋಲಕಕ್ಕೆ ಒಂದು ಕಡೆ ತಳ್ಳು ಕಡಿಮೆ ಬೀಳುತ್ತಿದೆ. ಹತ್ತು ನಿಮಿಷದಲ್ಲೋ ಎರಡು ತಾಸಿನಲ್ಲೋ ನಿಲ್ಲುತ್ತದೆ.

ಡಬ್ಬಿಯ ತಳವನ್ನು ಗೋಡೆಯ ಮೇಲೆ ಎಡಕ್ಕೆ ಅಥವಾ ಬಲಕ್ಕೆ ಒಂದೆರಡು ಮಿ.ಮೀ ಸರಿಸುತ್ತಾ ಹೋಗಿ. ಎಲ್ಲೋ ಒಂದು ಕಡೆ ಸದ್ದು ಸಮನಾಗುತ್ತದೆ. ಡಬ್ಬಿ ಕಣ್ಣಿಗೆ ನೆಟ್ಟಗೆ ಕಂಡು ಸದ್ದೂ ಸಮನಿದ್ದರೆ ಕೆಲಸ ಮುಗಿಯಿತು, ಗೋಡೆಯ ಮೇಲೆ ಪೆನ್ಸಿಲಿನಿಂದ ತಳದ ಗುರುತು ಹಾಕಿ. ಡಬ್ಬಿ ಸೊಟ್ಟಗೆ ಕಂಡರೆ ತಳ್ಳುಕಡ್ಡಿ ಬಗ್ಗಿಸಬೇಕು. ಯಾವ ಕಡೆ? ತಳವನ್ನು ಯಾವ ಕಡೆ ಸರಿಸಿದಾಗ ಸದ್ದು ಸಮನಾಯಿತೋ ತಳ್ಳುಕಡ್ಡಿಯ ತುದಿಯನ್ನೂ ಅದೇ ಕಡೆ. ಬೆನ್ನಿನ ಹಲಗೆ ತೆಗೆದು ಹಿಂದಿನಿಂದ ನೋಡುವಾಗ ಎಡಬಲ ಅದಲುಬದಲಾಗುತ್ತದೆ ಎಂಬುದು ನೆನಪಿರಲಿ. ಒಂದು ಬೆರಳಿನಿಂದ ಆಂಕರನ್ನು ಅಲ್ಲಾಡದಂತೆ ಹಿಡಿದು, ನೋಸ್ ಪ್ಲೈಯರಿನಿಂದ ತಂತಿಯನ್ನಷ್ಟೇ ಕೂದಲೆಳೆಯಷ್ಟು ಬಗ್ಗಿಸಿ, ಕೇಳಿ, ಮತ್ತೆ ಬಗ್ಗಿಸಿ. ಆಂಕರ್ ಹಿಡಿಯದೆ ಬಗ್ಗಿಸಿದರೆ ಬಲವೆಲ್ಲ ಎಸ್ಕೇಪ್ ಗಾಲಿಯ ತೆಳು ಹಲ್ಲಿನ ಮೇಲೆ ಬೀಳುತ್ತದೆ, ಆ ಹಲ್ಲು ಒಮ್ಮೆ ಮಣಿದರೆ ನೆಟ್ಟಗಾಗುವುದಿಲ್ಲ.

ಕುಣಿಕೆಯಲ್ಲಿ ತೂಗುತಂತಿಗೆ ಸ್ವಲ್ಪ ಸಡಿಲ ಬೇಕು, ಆದರೆ ಎದ್ದು ಕಾಣುವಷ್ಟು ಬೇಡ; ಕಾಲು ಮಿ.ಮೀ ಸಾಕು. ತಂತಿ ಕುಣಿಕೆಯ ಮುಂದಿನ ಅಥವಾ ಹಿಂದಿನ ಅಂಚಿಗೆ ಒರಗಿದ್ದರೆ ಅದು ಹಲಗೆಯ ದೋಷ.

ಹಲಗೆ ಎಷ್ಟು ಆಡುತ್ತದೆ

ಲೆಕ್ಕ ಹೀಗಿದೆ. ಗಾಳಿಯಲ್ಲಿ ತೇವ ಶೇ 80 ಇದ್ದಾಗ ಕಟ್ಟಿಗೆಯೊಳಗಿನ ತೇವ ನಿಧಾನಕ್ಕೆ ಶೇ 15ರ ಆಸುಪಾಸಿಗೆ ಬರುತ್ತದೆ. ಗಾಳಿಯ ತೇವ ಶೇ 30ಕ್ಕೆ ಇಳಿದರೆ ಕಟ್ಟಿಗೆಯದು ಶೇ 6ರ ಹತ್ತಿರ. ಸಾಗವಾನಿಯನ್ನು ದಿಮ್ಮಿಯ ಬಳೆಗೆರೆಗೆ ಸಮನಾಗಿ ಸೀಳಿದ್ದರೆ ತೇವ ಶೇ 1 ಇಳಿದಾಗ ಅಗಲ ಶೇ 0.19ರಷ್ಟು ಕುಗ್ಗುತ್ತದೆ, ದಿಮ್ಮಿಯ ನಡುವಿನಿಂದ ಹೊರಕ್ಕೆ ಸೀಳಿದ ಹಲಗೆಯಲ್ಲಿ ಶೇ 0.10 ಮಾತ್ರ. ಅಂದರೆ 200 ಮಿ.ಮೀ ಅಗಲದ ಮೊದಲ ಬಗೆಯ ಹಲಗೆ ಮಳೆಗಾಲದಿಂದ ಬಿರುಬೇಸಿಗೆಗೆ 3 ಮಿ.ಮೀ ಮೀರಿ ಕುಗ್ಗಬಲ್ಲದು, ಎರಡನೆಯದು 2 ಮಿ.ಮೀ ಒಳಗೆ. ಉದ್ದಕ್ಕೆ ಮಾತ್ರ ಲೆಕ್ಕಕ್ಕಿಲ್ಲದಷ್ಟು. ಪಾಲಿಶು ಈ ಆಟವನ್ನು ತಡಮಾಡುತ್ತದೆ, ನಿಲ್ಲಿಸುವುದಿಲ್ಲ.

ಇದರಿಂದ ಹುಟ್ಟುವ ದೋಷಗಳಲ್ಲಿ ಮುಖ್ಯವಾದದ್ದು ಮುಂಭಾಗದ ಹಲಗೆ ಬಾಗುವುದು. ಮಷೀನಿನ ನಾಲ್ಕು ಸ್ಕ್ರೂ ಕೂರುವುದು ಆ ಹಲಗೆಯ ಒಳಮೈಗೆ. ಹಲಗೆ ಬಟ್ಟಲಾದರೆ ನಾಲ್ಕರಲ್ಲಿ ಒಂದು ಮೂಲೆ ಎದ್ದು ಮಷೀನಿನ ಎರಡು ಪ್ಲೇಟುಗಳು ಸಣ್ಣಗೆ ತಿರುಚಿಕೊಳ್ಳುತ್ತವೆ, ಪಿವಟ್ಟುಗಳು ತೂತಿನಲ್ಲಿ ಬಿಗಿಯುತ್ತವೆ. ಪರೀಕ್ಷೆ ಸುಲಭ: ನಾಲ್ಕೂ ಸ್ಕ್ರೂಗಳನ್ನು ಅರ್ಧ ಸುತ್ತು ಸಡಿಲಿಸಿ. ಗಡಿಯಾರ ಚೇತರಿಸಿಕೊಂಡು ಲೋಲಕದ ಬೀಸು ಅಗಲವಾದರೆ ದೋಷ ಸಿಕ್ಕಿತು. ಹಲಗೆಯ ಮೇಲೆ ಉಕ್ಕಿನ ಅಳತೆಪಟ್ಟಿ ಇಟ್ಟು ಬೆಳಕು ತೂರುವ ಕಡೆ ನೋಡಿ, ಎದ್ದ ಮೂಲೆಗೆ ತೆಳು ರಟ್ಟು ಕೊಡಿ. ಶಾಶ್ವತ ಪರಿಹಾರ ಬೇಕಾದರೆ ಮಷೀನನ್ನು ನೇರ ಹಲಗೆಗೆ ಬಿಗಿಯದೆ 9 ಮಿ.ಮೀ ಪ್ಲೈವುಡ್ ತುಂಡಿಗೆ ಬಿಗಿದು, ಆ ಪ್ಲೈವುಡ್ಡನ್ನು ಉದ್ದ ತೂತುಗಳ ಮೂಲಕ ಹಲಗೆಗೆ ಜೋಡಿಸಿ. ಹಲಗೆ ಆಡಲಿ, ಪ್ಲೈವುಡ್ ಅದರ ಮೇಲೆ ಜಾರಲಿ. ಶುದ್ಧ ಕಟ್ಟಿಗೆಯ ಕೆಲಸಕ್ಕೆ ಪ್ಲೈವುಡ್ ಬೇಡ ಎನ್ನುವ ಬಡಿಗರಿದ್ದಾರೆ. ಒಳಗೆ ಕಾಣದ ಜಾಗದಲ್ಲಿ ಆ ಹಟ ಲಾಭದ್ದಲ್ಲ.

ತಳದ ಸೀಳಿನಲ್ಲಿ ಎಳೆ ಯಾವ ಕಡೆ ಓಡುತ್ತದೆ ನೋಡಿ. ತಳದ ಹಲಗೆಯ ಎಳೆ ಎಡದಿಂದ ಬಲಕ್ಕೆ ಇದ್ದರೆ ಸೀಳು ಮುಂದು ಹಿಂದಿನ ಅಳತೆಯಲ್ಲಿ ಆಡುತ್ತದೆ, ತೂಗುತಂತಿ ಅಂಚಿಗೆ ತಿಕ್ಕುತ್ತದೆ. ಎಡಬಲ 30 ಮಿ.ಮೀ, ಮುಂದು ಹಿಂದೆ 10 ಮಿ.ಮೀ ಸೀಳು ಇಟ್ಟರೆ ಯಾವ ಹವೆಗೂ ತೊಂದರೆಯಿಲ್ಲ. ತಿಕ್ಕಿದ ಗುರುತು ಹುಡುಕಲು ತೂಗುತಂತಿಗೆ ಸೀಳಿನ ಮಟ್ಟದಲ್ಲಿ ಸ್ವಲ್ಪ ಕಾಡಿಗೆ ಹಚ್ಚಿ ಒಂದು ತಾಸು ಓಡಿಸಿ. ತಾಗಿದ ಕಡೆ ಕಪ್ಪು ಗೆರೆ ಬೀಳುತ್ತದೆ. ಚೈನಿನ ತೂತುಗಳು 12 ಮಿ.ಮೀಗಿಂತ ಸಣ್ಣದಾಗಿರಬಾರದು, ಅಂಚು ಪಾಲಿಶ್ ಪೇಪರಿನಿಂದ ಉರುಟಾಗಿರಬೇಕು. ಚೈನಿನ ಒಂದು ಕೊಂಡಿ ತಿರುಚಿದ್ದರೆ ಅದು ಗಾಲಿಯ ಹಲ್ಲಿಗೆ ಬಂದಾಗೆಲ್ಲ ಕಟ್ ಎಂಬ ಸದ್ದು ಬರುತ್ತದೆ, ಗುಂಡು ಜಗ್ಗನೆ ಜಾರುತ್ತದೆ. ಚೈನಿಗೆ ಎಣ್ಣೆ ಹಾಕಬೇಡಿ.

ಸ್ಟ್ಯಾಂಡ್ ಮೇಲೆ ಮಷೀನು

ಇಷ್ಟಾದರೂ ದೋಷ ಸಿಗದಿದ್ದರೆ ಮಷೀನನ್ನು ಡಬ್ಬಿಯಿಂದ ಹೊರತನ್ನಿ. 12 ಮಿ.ಮೀ ಪ್ಲೈವುಡ್ಡಿನ ಒಂದು ಅಡಿ ಚೌಕದ ತುಂಡಿಗೆ ನಡುವೆ ಮುಳ್ಳಿನ ತೂತು ಕೊರೆದು, ಮಷೀನು ಬಿಗಿದು, 2 ಮೀಟರ್ ಎತ್ತರದ ಅಟ್ಟಕ್ಕೋ ಕಪಾಟಿಗೋ ಕ್ಲ್ಯಾಂಪ್ ಮಾಡಿ. ಲೋಲಕ, ಎರಡು ಗುಂಡು ಹಾಕಿ. ತಿದಿಯ ತಂತಿ ಬೇಡ, ಹಕ್ಕಿ ಬೇಡ. ಟಿಕ್‌ಟಾಕ್ ಸಮ ಮಾಡಿ ಎರಡು ದಿನ ಬಿಡಿ. ಇಲ್ಲಿ ನಿಲ್ಲದೆ ಓಡಿದರೆ ಮಷೀನು ನಿರಪರಾಧಿ, ಡಬ್ಬಿಯತ್ತ ಹಿಂತಿರುಗಿ. ಆಮೇಲೆ ತಿದಿ ಜೋಡಿಸಿ ಒಂದು ದಿನ, ಹಕ್ಕಿ ಜೋಡಿಸಿ ಒಂದು ದಿನ, ಹೀಗೆ ಒಂದೊಂದೇ ಹೊರೆ ಸೇರಿಸಿ.

ಸ್ಟ್ಯಾಂಡ್ ಮೇಲೂ ನಿಂತರೆ ಆಗ ಮಷೀನಿನ ಪಾಳಿ. ಬಾಗಲಕೋಟೆ, ಲೋಕಾಪುರದ ಕಡೆ ಸುಣ್ಣದ ಕಲ್ಲಿನ ಪುಡಿ, ವಿಜಯಪುರದಲ್ಲಿ ಎರೆಮಣ್ಣಿನ ಧೂಳು. ಎರಡೂ ಎಣ್ಣೆಗೆ ಸೇರಿ ಪಿವಟ್ ತೂತಿನಲ್ಲಿ ಕಪ್ಪು ಹಸಿ ಲೇಪವಾಗುತ್ತದೆ, ಅದು ಅರೆಯುತ್ತಾ ಹೋಗುತ್ತದೆ. ಒಣ ಬ್ರಷ್ಷು, ಕೈಪಂಪಿನ ಗಾಳಿ, ಆಮೇಲೆ ಗಡಿಯಾರದ ಎಣ್ಣೆ. ಸೂಜಿಯ ತುದಿಯಲ್ಲಿ ನಿಂತಷ್ಟೇ ಹನಿ, ಪಿವಟ್ಟಿಗೆ ಮತ್ತು ಆಂಕರಿನ ಎರಡು ಮುಖಕ್ಕೆ ಮಾತ್ರ. ಗಾಲಿಯ ಹಲ್ಲುಗಳು ಒಣಗಿಯೇ ಇರಬೇಕು. ಕೊಬ್ಬರಿ ಎಣ್ಣೆ ಹಾಕುವವರಿದ್ದಾರೆ; ಡಿಸೆಂಬರಿನ ಬೆಳಗಾವಿ ಚಳಿಗೆ ಅದು ಹೆಪ್ಪುಗಟ್ಟಿ ಗಡಿಯಾರ ಬೆಳಗಿನ ಜಾವಕ್ಕೆ ನಿಲ್ಲುತ್ತದೆ. ತುಕ್ಕು ಬಿಡಿಸುವ ಸ್ಪ್ರೇಯೂ ಬೇಡ, ಅದು ಇದ್ದ ಎಣ್ಣೆಯನ್ನೂ ತೊಳೆದುಕೊಂಡು ಹೋಗುತ್ತದೆ. ಹಳೆಯ ಮಷೀನು ಕೂರಿಸಿದ್ದರೆ ಚೈನನ್ನು ಮೆಲ್ಲಗೆ ಎಳೆದುಬಿಟ್ಟು ಪಿವಟ್ಟುಗಳನ್ನು ನೋಡಿ. ತೂತಿನಲ್ಲಿ ಪಿವಟ್ ಆಚೀಚೆ ಜಿಗಿದರೆ ತೂತು ಮೊಟ್ಟೆಯಾಕಾರ ಸವೆದಿದೆ. ಆ ತೂತಿಗೆ ಬುಶ್ (ಹೊಸ ಲೋಹದ ಬಳೆ) ಹಾಕಿಸುವುದು ಗಡಿಯಾರ ರಿಪೇರಿಯವರ ಕೆಲಸ, ಮನೆಯಲ್ಲಿ ಕೈಹಾಕಬೇಡಿ.

ಹಕ್ಕಿ ಬಂತು, ಕೂಗಲಿಲ್ಲ

ಕುಕ್ಕೂ ಎನ್ನುವುದು ಎರಡು ತಿದಿ, ಎರಡು ಸೀಟಿಯ ಕೆಲಸ. ಕೂಗುವ ಸಾಲಿನ ಗಾಲಿಯ ಮೊಳೆಗಳು ಎತ್ತುತಂತಿಯ ಮೂಲಕ ಒಂದು ತಿದಿಯ ಮುಚ್ಚಳವನ್ನು ಎತ್ತಿ ಬಿಡುತ್ತವೆ, ಅದು ಬೀಳುವಾಗ ಗಾಳಿ ಸೀಟಿಗೆ ನುಗ್ಗಿ ‘ಕುಕ್’. ಹಿಂದೆಯೇ ಇನ್ನೊಂದು ಬಿದ್ದು ‘ಕೂ’. ಮೊದಲು ಎತ್ತರದ ಸ್ವರ, ಆಮೇಲೆ ತಗ್ಗು. ತಿರುವುಮುರುವಾಗಿ ಕೂಗಿದರೆ ಎತ್ತುತಂತಿಗಳು ಅದಲುಬದಲಾಗಿವೆ.

ಈ ತಂತಿಗಳನ್ನು ಹತ್ತಿರದಿಂದ ನೋಡಿ. ಕೂಗು ಇಲ್ಲದ ಹೊತ್ತಿನಲ್ಲಿ ತಂತಿ ಮುಚ್ಚಳವನ್ನು ಹಿಡಿದಿರಬಾರದು. ಕೊಕ್ಕೆಗೂ ಮುಚ್ಚಳದ ಕಣ್ಣಿಗೂ ನಡುವೆ 1 ಮಿ.ಮೀ ಸಡಿಲ ಇರಬೇಕು. ಸಡಿಲ ಇಲ್ಲದಿದ್ದರೆ ಮುಚ್ಚಳ ಪೂರ್ತಿ ಮುಚ್ಚದೆ ಸ್ವರದ ಬಾಲ ಕತ್ತರಿಸಿದಂತಾಗುತ್ತದೆ, ಕೂಗುವ ಸಾಲಿಗೆ ಹೊರೆಯೂ ಬೀಳುತ್ತದೆ. ಸಡಿಲ 3 ಮಿ.ಮೀ ಆದರೆ ಮುಚ್ಚಳ ಸಾಕಷ್ಟು ಏಳದೆ ಸ್ವರ ಕೆಮ್ಮಿದಂತೆ ಬರುತ್ತದೆ. ತಂತಿಯ ಮಧ್ಯೆ ಸಣ್ಣ ‘Z’ ಆಕಾರದ ಬಾಗು ಇಟ್ಟುಕೊಂಡರೆ ಆ ಬಾಗನ್ನು ಒತ್ತಿ ಗಿಡ್ಡ ಮಾಡಬಹುದು, ಎಳೆದು ಉದ್ದ ಮಾಡಬಹುದು. ಮುಚ್ಚಳದ ತುದಿ 15 ಮಿ.ಮೀ ಎದ್ದರೆ ಸಣ್ಣ ಗಡಿಯಾರಕ್ಕೆ ಧಾರಾಳ.

ತಂತಿ ಸರಿಯಿದ್ದೂ ಬರೀ ‘ಫುಸ್’ ಎಂದರೆ ತಿದಿ ಸೋರುತ್ತಿದೆ. ಸೀಟಿಯ ಬಾಯಿಯನ್ನೂ ಗಾಳಿ ಬರುವ ಸಂದನ್ನೂ ಹೆಬ್ಬೆರಳಿನಿಂದ ಒತ್ತಿ ಮುಚ್ಚಿ, ಮುಚ್ಚಳ ಎತ್ತಿ ಬಿಡಿ. ಒಳ್ಳೆಯ ತಿದಿಯ ಮುಚ್ಚಳ ತೇಲಿದಂತೆ ನಿಧಾನ ಇಳಿಯುತ್ತದೆ. ಟಪ್ಪನೆ ಬಿದ್ದರೆ ಎಲ್ಲೋ ತೂತಿದೆ. ಕೆನ್ನೆಯ ಹತ್ತಿರ ಹಿಡಿದು ಒತ್ತಿದರೆ ಗಾಳಿ ಎಲ್ಲಿಂದ ಬರುತ್ತದೆಂದು ಚರ್ಮವೇ ಹೇಳುತ್ತದೆ. ಮಡಿಕೆಯ ಮೂಲೆ ಮೊದಲು ಹರಿಯುವ ಜಾಗ. ಕಾಗದದ ಮಡಿಕೆ ವಿಜಯಪುರದ ಒಣಹವೆಗೆ ಬಿರಿಯುತ್ತದೆ. ಅದನ್ನು ಗಂಜಿಯಲ್ಲಿ ಅಂಟಿಸಿದ್ದರೆ ಜಿರಲೆಗೆ ಊಟ. ಹಾರ್ಮೋನಿಯಂ ರಿಪೇರಿಯವರು ಬಳಸುವಂಥ ತೆಳು ಕುರಿಚರ್ಮ ತಂದು, ಒಳಮೈಯನ್ನು ಇನ್ನಷ್ಟು ತೆಳುವಾಗಿ ಕೆರೆದು, ಫೆವಿಕಾಲಿಗೆ ಸ್ವಲ್ಪ ನೀರು ಬೆರೆಸಿ ಅಂಚಿಗಷ್ಟೇ ಹಚ್ಚಿ ಅಂಟಿಸಿ. ಮಡಿಕೆಯ ಗೆರೆಗೆ ಅಂಟು ಹರಿದರೆ ಒಣಗಿದ ಮೇಲೆ ಅಲ್ಲಿ ಬಿರುಸಾಗಿ ಮುಚ್ಚಳ ಅರ್ಧಕ್ಕೇ ನಿಲ್ಲುತ್ತದೆ. ಒಂದು ಗಡಿಯಾರ ತಾಸಿಗೂ ಅರ್ಧ ತಾಸಿಗೂ ಸೇರಿ ದಿನಕ್ಕೆ 180 ಸಲ ಕೂಗುತ್ತದೆ. ಬಿರುಸಾದ ಮಡಿಕೆ ಹೆಚ್ಚು ದಿನ ಬಾಳುವುದಿಲ್ಲ.

ಸೀಟಿಯ ದೋಷ ಬೇರೆ. ಗಾಳಿ ಬರುವ ಸಂದು ಇಸ್ಪೀಟ್ ಎಲೆಯ ದಪ್ಪಕ್ಕಿಂತ ಹೆಚ್ಚಿರಬಾರದು, ಆ ಗಾಳಿ ಎದುರಿನ ತುಟಿಯ ಚೂಪು ಅಂಚಿಗೆ ನೇರ ಹೊಡೆಯಬೇಕು. ಮಳೆಗಾಲದಲ್ಲಿ ಕಟ್ಟಿಗೆ ಉಬ್ಬಿ ಈ ಸಂದೇ ಮುಚ್ಚಿಕೊಳ್ಳುತ್ತದೆ. ಬೇಸಿಗೆಗೆ ಚೆನ್ನಾಗಿ ಕೂಗುವ ಗಡಿಯಾರ ಜುಲೈಗೆ ಮೂಕವಾಗಲು ಇದೇ ಕಾರಣ. 400 ನಂಬರಿನ ಪಾಲಿಶ್ ಪೇಪರನ್ನು ಮಡಚಿ ಸಂದಿನಲ್ಲಿ ಒಂದೆರಡು ಸಲ ಎಳೆಯಿರಿ, ಹೆಚ್ಚು ಬೇಡ. ಕೂಗು ಕಿರುಚಿದಂತೆ ಮೇಲಿನ ಸ್ವರಕ್ಕೆ ಹಾರಿದರೆ ಗಾಳಿ ಜಾಸ್ತಿ: ಮುಚ್ಚಳಕ್ಕೆ ಅಂಟಿಸಿದ ತೂಕ ಕಡಿಮೆ ಮಾಡಿ. ಉಸಿರುಸಿರಾಗಿ ಬಂದರೆ ತೂಕ ಹೆಚ್ಚಿಸಿ, ಸಣ್ಣ ವಾಷರ್ ಒಂದು ಸಾಕಾಗುತ್ತದೆ.

ಶ್ರುತಿಯ ವಿಷಯ. ತುದಿ ಮುಚ್ಚಿದ ಕೊಳವೆಯಲ್ಲಿ ಒಳ ಉದ್ದ ಹೆಚ್ಚಿದಷ್ಟೂ ಸ್ವರ ತಗ್ಗು. ಮೊದಲ ಕೊಳವೆ 80 ಮಿ.ಮೀ ಇದ್ದು ಎರಡನೆಯದು 96 ಮಿ.ಮೀ ಆದರೆ ಕೋಮಲ ಗಂಧಾರದಿಂದ ಷಡ್ಜಕ್ಕೆ ಇಳಿದ ಹಾಗೆ ಕೇಳುತ್ತದೆ, 100 ಮಿ.ಮೀ ಆದರೆ ಶುದ್ಧ ಗಂಧಾರದಿಂದ. ಎರಡೂ ನಡೆಯುತ್ತದೆ, ನಡುವೆ ಎಲ್ಲೋ ನಿಂತರೆ ಸಂಗೀತ ಕೇಳಿದ ಕಿವಿಗೆ ಚುಚ್ಚುತ್ತದೆ. ತುದಿಯ ಬಿರಡೆಯನ್ನು ಅಂಟಿಸದೆ ಬಿಗಿಯಾಗಿ ಕೂರಿಸಿ. ಹಾರ್ಮೋನಿಯಂ ಪಕ್ಕ ಇಟ್ಟುಕೊಂಡು ಬಿರಡೆ ಸರಿಸಿ ಹೊಂದಿಸಿ.

ಬಾಗಿಲು ಮತ್ತು ಹಕ್ಕಿ

ಬಾಗಿಲು ಸಿಕ್ಕಿಕೊಂಡರೆ ಕಟ್ಟಿಗೆ ಉಬ್ಬಿತೆಂದು ರಂದಾ ಹಿಡಿಯಬೇಡಿ. 30 ಮಿ.ಮೀ ಅಗಲದ ಬಾಗಿಲು ಮಳೆಗಾಲಕ್ಕೆ ಉಬ್ಬುವುದು ಅರ್ಧ ಮಿ.ಮೀ ಒಳಗೆ. ನಿಜವಾದ ಕಳ್ಳ ಬಣ್ಣ: ಬಾಗಿಲಿಗೂ ಚೌಕಟ್ಟಿಗೂ ಎರಡೆರಡು ಕೈ ಬಣ್ಣ, ಮೇಲೆ ವಾರ್ನಿಶ್ ಎಂದರೆ ಸಂದು ಮುಗಿಯಿತು, ತೇವದ ದಿನ ವಾರ್ನಿಶ್ಶಿಗೆ ವಾರ್ನಿಶ್ ಅಂಟುತ್ತದೆ. ಅಂಚುಗಳ ಬಣ್ಣ ಕೆರೆದು ಬರೀ ಮೇಣ ತಿಕ್ಕಿ, ಸುತ್ತ 1 ಮಿ.ಮೀ ಬಿಡಿ. ಹಕ್ಕಿಗೂ ಬಾಗಿಲಿಗೂ ನಡುವಿನ ತಂತಿ ಹಕ್ಕಿ ಪೂರ್ತಿ ಒಳಗೆ ಹೋದಾಗ ಬಾಗಿಲನ್ನು ಮೆತ್ತಗೆ ಮುಚ್ಚುವಷ್ಟು ಉದ್ದ ಇರಲಿ. ಗಿಡ್ಡವಾದರೆ ಬಾಗಿಲು ಮುಚ್ಚಿದ ಮೇಲೂ ಎಳೆಯುತ್ತದೆ, ಹಕ್ಕಿಯ ತೋಳು ತನ್ನ ಜಾಗಕ್ಕೆ ಬರುವುದಿಲ್ಲ.

ಹಕ್ಕಿ ಹಗುರವಾಗಿರಲಿ. 4 ಸೆಂ.ಮೀ ಉದ್ದದ ಹಕ್ಕಿ ಹಗುರ ಕಟ್ಟಿಗೆಯಲ್ಲಿ ಎರಡು ಮೂರು ಗ್ರಾಂ, ಸಾಗವಾನಿಯಲ್ಲಿ ನಾಲ್ಕೈದು. ಭಾರದ ಹಕ್ಕಿ ತೋಳನ್ನು ಕೆಳಗೆ ಜಗ್ಗಿ ಹೊಸ್ತಿಲಿಗೆ ತಾಗುತ್ತದೆ. ಗೋಕಾಕದ ಗೊಂಬೆ ಕೆಲಸದವರು ಹಗುರ ಕಟ್ಟಿಗೆ ಬಳಸುವುದು ಸುಮ್ಮನೆ ಅಲ್ಲ. ಅವರಿಂದ ಹಕ್ಕಿ ಮಾಡಿಸುವುದಾದರೆ ಬಣ್ಣದ ಪದರ ತೆಳುವಾಗಿರಲಿ ಎಂದು ಮೊದಲೇ ಹೇಳಿ.

ಮೂರು ತಾಸಿಗೆ ಏಳು ಕೂಗು

ನಿಮಿಷದ ಮುಳ್ಳು 12ಕ್ಕೆ ಬಂದು ಕೂಗಿದಾಗ ಎಣಿಸಿ. ಏಳು ಕೂಗಿದರೆ ತಾಸಿನ ಮುಳ್ಳನ್ನಷ್ಟೇ ಕೈಯಿಂದ ತಿರುಗಿಸಿ 7ಕ್ಕೆ ತನ್ನಿ. ಅದು ಕೊಳವೆಯ ಮೇಲೆ ಬರೀ ಬಿಗಿತದಿಂದ ಕೂತಿರುತ್ತದೆ, ಕೆಡುವುದಿಲ್ಲ. ಆಮೇಲೆ ನಿಮಿಷದ ಮುಳ್ಳನ್ನು ಮುಂದಕ್ಕೆ ತಿರುಗಿಸುತ್ತಾ, ಪ್ರತಿ ಅರ್ಧ ತಾಸಿಗೆ ನಿಂತು ಕೂಗು ಮುಗಿಯಲು ಬಿಟ್ಟು, ಸರಿ ಸಮಯಕ್ಕೆ ತನ್ನಿ. ಹಿಂದಕ್ಕೆ ತಿರುಗಿಸಬೇಡಿ. ಅರ್ಧ ತಾಸಿಗೆ ಪೂರ್ತಿ ಎಣಿಕೆ, ತಾಸಿಗೆ ಒಂದೇ ಕೂಗು ಬರುತ್ತಿದ್ದರೆ ನಿಮ್ಮದು ಎಣಿಕೆಗಾಲಿಯ ಮಷೀನು; ಕೂಗಿಸುವ ಕಡ್ಡಿಯನ್ನು ಒಳಗಿನಿಂದ ಒಮ್ಮೆ ಎತ್ತಿಬಿಟ್ಟು ಒಂದು ಕೂಗು ಮುಂದೆ ತಳ್ಳಿ. ನಿಲ್ಲದೆ ಕೂಗುತ್ತಲೇ ಇದ್ದರೆ ಆ ಸಾಲಿನ ಗುಂಡು ಕೂಡಲೇ ತೆಗೆಯಿರಿ. ಕೂಗು ನಿಲ್ಲಿಸುವ ಬೀಗದ ಕಡ್ಡಿ ತನ್ನ ತೂತಿಗೆ ಬೀಳುತ್ತಿಲ್ಲ. ಬಹಳ ಸಲ ಅದನ್ನು ಮೇಲೆ ಹಿಡಿದಿರುವುದು ತಪ್ಪು ಬಾಗಿದ ಎತ್ತುತಂತಿ.

ಹಿಂದೆ ಮುಂದೆ ಓಡಿದರೆ

ಮೊಬೈಲಿನ ಸೆಕೆಂಡು ನೋಡುತ್ತಾ ಒಂದು ನಿಮಿಷದ ಬಡಿತ ಎಣಿಸಿ. 120 ಬಂದರೆ ಲೋಲಕದ ಲೆಕ್ಕದ ಉದ್ದ 24.8 ಸೆಂ.ಮೀ, 100 ಬಂದರೆ 35.8. ಮೊದಲನೆಯದರಲ್ಲಿ ಎಲೆಯನ್ನು 1 ಮಿ.ಮೀ ಏರಿಸಿದರೆ ದಿನಕ್ಕೆ ಸುಮಾರು 3 ನಿಮಿಷ ಬೇಗ, ಇಳಿಸಿದರೆ ಅಷ್ಟೇ ತಡ. ಆದ್ದರಿಂದ ಕಣ್ಣಂದಾಜು ಬೇಡ, ಪೆನ್ಸಿಲ್ ಗುರುತು ಹಾಕಿಕೊಂಡು ಸರಿಸಿ, ಒಂದು ದಿನ ಪೂರ್ತಿ ಕಾಯಿರಿ.

ಲೋಲಕದ ಸಮೇತ ಜರ್ಮನಿಯಿಂದ ಬಂದ ಗಡಿಯಾರ ಇಲ್ಲಿ ದಿನಕ್ಕೆ ಸುಮಾರು ಎರಡು ನಿಮಿಷ ಹಿಂದೆ ಬಿದ್ದರೆ ಅದು ದೋಷವೇ ಅಲ್ಲ. ಭೂಮಧ್ಯರೇಖೆಗೆ ಹತ್ತಿರವಾದಷ್ಟೂ ಗುರುತ್ವ ತುಸು ಕಡಿಮೆ. ಬ್ಲ್ಯಾಕ್ ಫಾರೆಸ್ಟಿಗೂ ಬೆಳಗಾವಿಗೂ ಅಷ್ಟು ವ್ಯತ್ಯಾಸ ಇದೆ. ಎಲೆಯನ್ನು ಅರ್ಧ ಮಿ.ಮೀಗಿಂತ ತುಸು ಹೆಚ್ಚು ಏರಿಸಿದರೆ ಸರಿಹೋಗುತ್ತದೆ. ಬೆಳಗಾವಿಯಿಂದ ವಿಜಯಪುರಕ್ಕೆ ಒಯ್ದರೆ ಆಗುವ ವ್ಯತ್ಯಾಸ ಕೆಲವೇ ಸೆಕೆಂಡು, ಅದನ್ನು ಮರೆತುಬಿಡಿ.

ಎಲೆ ತಾನಾಗಿ ಜಾರಿ ಪ್ರತಿದಿನ ತಡವಾಗುತ್ತಿದ್ದರೆ ಬೇಸಿಗೆಗೆ ಅದರ ಹಿಂದಿನ ಹಿಡಿತ ಸಡಿಲವಾಗಿದೆ. ಲೋಲಕದ ಕಡ್ಡಿಗೂ ಹಿಡಿತಕ್ಕೂ ನಡುವೆ ಒಂದು ಚೂರು ತೆಳು ಚರ್ಮ ಸಿಕ್ಕಿಸಿ.

ಊರಿಂದೂರಿಗೆ ಒಯ್ಯುವಾಗ ಲೋಲಕ, ಗುಂಡು ಬಿಚ್ಚಿ, ಚೈನುಗಳನ್ನು ತಳದ ಹತ್ತಿರವೇ ತಂತಿ ಪೋಣಿಸಿ ಕಟ್ಟಿ, ಬಾಗಿಲಿಗೆ ಚಿಲಕ ಹಾಕಿ, ತಿದಿಯ ಮುಚ್ಚಳಗಳ ಮೇಲೆ ಮೆತ್ತನೆಯ ಬಟ್ಟೆ ತುರುಕಿ. ಡಬ್ಬಿ ಮಲಗಿಸಿದರೂ ಸರಿ, ತಲೆಕೆಳಗೆ ಮಾತ್ರ ಬೇಡ. ಚೈನು ಗಾಲಿಯಿಂದ ಕಳಚಿಕೊಳ್ಳುತ್ತದೆ. ಹೊಸ ಜಾಗದಲ್ಲಿ ತೂಗುಹಾಕಿದ ಮೇಲೆ ಟಿಕ್‌ಟಾಕ್ ಮಾತ್ರ ಸಮ ಮಾಡಿ ಎರಡು ವಾರ ಬಿಡಿ. ಹಲಗೆ ಅಲ್ಲಿನ ಹವೆಗೆ ಹೊಂದುವವರೆಗೆ ಎಲೆ ಸರಿಸಿದರೂ, ಸಂದು ಕೆರೆದರೂ, ರಟ್ಟು ಕೊಟ್ಟರೂ ಆ ಕೆಲಸವನ್ನು ಮತ್ತೊಮ್ಮೆ ಮಾಡಬೇಕಾಗುತ್ತದೆ.